ಮಲಗಿ ನೋಡಬೇಕಾದ ಉಡುಪು

ಅತ್ತೆ, ಸೊಸೆ, ಮಗಳು ಮೂವರೂ ಒಂದೇ ಕನ್ನಡಿಯ ಮುಂದೆ ನಿಂತು ಜಗಳವಿಲ್ಲದೆ ಅರ್ಧ ಗಂಟೆ ಕಳೆದರು ಅಂದರೆ ಯಾರಾದರೂ ನಂಬುತ್ತಾರೆಯೇ? ನಂಬಲೇಬೇಕು. ಮೂವರ ಕಣ್ಣೂ ಸೊಸೆಯ ಪಾದಗಳ ಮೇಲೆ ನೆಟ್ಟಿದ್ದವು, ಜಗಳಕ್ಕೆ ಪುರುಸೊತ್ತೆಲ್ಲಿ?

ಪಾದಗಳಲ್ಲಿ ಮಿರಮಿರ ಮಿಂಚುವ ಹೈ ಹೀಲ್ಸ್. ಬಟ್ಟೆ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವ ಮಗಳು ಅಣ್ಣನ ಹೆಂಡತಿಗೆಂದು ತನ್ನ ಬೀರುವಿನಿಂದಲೇ ತಂದದ್ದು. ಜೊತೆಗೆ ಒಂದು ರೇಷ್ಮೆ ಅಂಗಿ, ನೆಲ ಗುಡಿಸುವ ಉದ್ದದ ಲಂಗ, ಗಾಳಿಗೆ ಹಾರುವ ಸ್ಕಾರ್ಫು, ಕೈ ತುಂಬಾ ಬಳೆ. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಹಾಗೆ ಒಳಗಿದ್ದ ಸೊಸೆ ಎಲ್ಲಿ ಹೋದಳೋ ಹುಡುಕಬೇಕಿತ್ತು.

"ಅತ್ತಿಗೆ, ಇಂಟರ್‌ವ್ಯೂ ಅಂದ್ರೆ ಮೊದಲು ನೋಡೋದೇ ಬಟ್ಟೆ," ಅಂದಳು ಮಗಳು. "ನೀವು ಎರಡು ವರ್ಷ ಮನೇಲಿ ಕೂತವರು ಅಂತ ಯಾರಿಗೂ ಗೊತ್ತಾಗಬಾರದು."

ಕೂತವರಂತೆ! ಅತ್ತೆಗೆ ಮೈ ಉರಿಯಿತು. ಸೊಸೆ ಎಲ್ಲಿ ಕೂತಿದ್ದಳು? ಬಚ್ಚಲಲ್ಲಿ ಜಾರಿ ಬಿದ್ದು ಅತ್ತೆಯ ಸೊಂಟದ ಮೂಳೆ ಮುರಿದಾಗ, ನರ್ಸ್ ಕೆಲಸ ಬಿಟ್ಟು ಮನೆಗೆ ಬಂದವಳು ಅವಳು. ಮೈ ಒರೆಸಿದಳು, ಮಗ್ಗುಲು ತಿರುಗಿಸಿದಳು, ಅತ್ತೆಯ ಬೈಗುಳ ತಿಂದಳು, ಕೊನೆಗೆ ಕೋಲು ಹಿಡಿಸಿ ನಡೆಸಿದಳು. ಈಗ ಪೇಟೆಯ ಕೊನೆಯಲ್ಲಿರುವ ಆಸ್ಪತ್ರೆಯಿಂದ ಇಂಟರ್‌ವ್ಯೂಗೆ ಕರೆ ಬಂದಿತ್ತು. ನಾಳೆ ಬೆಳಿಗ್ಗೆಯೇ.

"ಅತ್ತೆ, ನೀವು ಹೇಳಿ. ಹೇಗಿದೆ?" ಸೊಸೆ ತಿರುಗಿ ಕೇಳಿದಳು.

ಅತ್ತೆಗೆ ಉತ್ತರ ಗೊತ್ತಿತ್ತು. ಆಸ್ಪತ್ರೆಯ ಮಂಚದಲ್ಲಿ ವಾರಗಟ್ಟಲೆ ಬಿದ್ದುಕೊಂಡಿದ್ದವಳಿಗೆ ನರ್ಸ್ ಹೇಗಿರಬೇಕು ಅಂತ ಯಾರು ಹೇಳಿಕೊಡಬೇಕು? ಈ ವೇಷದಲ್ಲಿ ಹೋದರೆ ಬಾಗಿಲಿನಿಂದಲೇ ಕೈ ಮುಗಿದು ಕಳಿಸುತ್ತಾರೆ. ಕಳಿಸಲಿ! ಮಗ ಬಸ್ ಡ್ರೈವರು, ಬೆಳಕು ಹರಿಯುವ ಮೊದಲೇ ಹೋದರೆ ಕತ್ತಲಾದ ಮೇಲೆಯೇ ಬರುವುದು. ಸೊಸೆಯೂ ಹೋದರೆ ಹಗಲೆಲ್ಲಾ ಮನೆಯಲ್ಲಿ ಉಳಿಯುವುದು ತಾನೊಬ್ಬಳೇ. ಮತ್ತೆ ಬಿದ್ದರೆ ಯಾರು ಎತ್ತುತ್ತಾರೆ? ಬೀಳದಿದ್ದರೂ ಯಾರ ಜೊತೆ ಮಾತು, ಯಾರ ಜೊತೆ ಜಗಳ? ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಸೊಸೆ ಖಂಡಿತ ಕೆಲಸದ ಆಸೆ ಬಿಟ್ಟುಬಿಡುತ್ತಾಳೆ ಅಂತಲೂ ಗೊತ್ತಿತ್ತು.

"ಚೆನ್ನಾಗಿದೆ ಕಣೇ," ಅಂದಳು ಅತ್ತೆ. "ರಾಣಿ ಹಾಗೆ ಕಾಣ್ತೀಯ."

ಸೊಸೆಯ ಮುಖ ಅರಳಿತು. ಮಗಳು ಗೆದ್ದ ಗತ್ತಿನಲ್ಲಿ ತನ್ನ ಮನೆಗೆ ಹೊರಟಳು.

ಊಟವಾದ ಮೇಲೆ ಅತ್ತೆಗೆ ನಿದ್ದೆ ಹತ್ತಲಿಲ್ಲ. ನಡುಮನೆಯಲ್ಲಿ ಸೊಸೆ ಹೀಲ್ಸ್ ಹಾಕಿಕೊಂಡು ನಡೆದು ನೋಡುತ್ತಿದ್ದಳು. ಟಕ್ ಟಕ್ ಟಕ್, ಆಮೇಲೆ ಒಂದು "ಅಯ್ಯೋ", ಮತ್ತೆ ಟಕ್ ಟಕ್. ಹಾಗೇ ಕುಂಟುತ್ತಾ ಕೋಣೆಗೆ ಬಂದಳು.

"ಇವತ್ತು ಕಾಲಿನ ವ್ಯಾಯಾಮ ತಪ್ಪಿಸಿದ್ದೀರಿ. ನನ್ನ ಕಣ್ಣು ತಪ್ಪಿಸಿ ಎಲ್ಲಿ ಹೋಗ್ತೀರಿ?" ಅನ್ನುತ್ತಾ ಅತ್ತೆಯ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದೆತ್ತಿದಳು. "ಕೆಲಸ ಸಿಕ್ಕಿದ್ರೆ ಬೆಳಿಗ್ಗೇನೇ ಇದನ್ನ ಮಾಡಿಸಿ ಹೋಗ್ತೀನಿ. ಸಿಗುತ್ತೆ ಅಲ್ವಾ ಅತ್ತೆ?"

ಥೂ, ನನ್ನ ಜನ್ಮಕ್ಕಿಷ್ಟು, ಅಂದುಕೊಂಡಳು ಅತ್ತೆ. ಉಣಿಸಿದ ಕೈಗೇ ಎರಡು ಬಗೆದೆನಲ್ಲ!

"ಬಿಚ್ಚು ಆ ಹಾಳು ಹೀಲ್ಸು!"

"ನೀವೇ ರಾಣಿ ಅಂದ್ರಿ?"

"ರಾಣಿನ ಯಾರು ನರ್ಸ್ ಕೆಲಸಕ್ಕೆ ತಗೋತಾರೆ? ಸುಳ್ಳು ಹೇಳಿದೆ, ನನ್ನ ಬುದ್ಧಿಗೆ ಮಂಕು ಕವಿದಿತ್ತು. ಯಾಕೆ ಏನು ಅಂತ ಕೇಳಬೇಡ. ನಾನಿಲ್ಲೇ ಮಲಗಿರ್ತೀನಿ, ನಿನ್ನ ಬೀರುನಲ್ಲಿರೋದೆಲ್ಲಾ ಒಂದೊಂದಾಗಿ ಹಾಕ್ಕೊಂಡು ಬಾ. ಆಸ್ಪತ್ರೇಲಿ ನಿನ್ನ ನೋಡೋದು ಕನ್ನಡಿಯಲ್ಲ, ಮಲಗಿದವರು."

ಶುರುವಾಯಿತು ನೋಡಿ ಪರೀಕ್ಷೆ. ಸೊಸೆ ಬಾಗಿಲಿನಿಂದ ನಡೆದು ಬರಬೇಕು, ಬಗ್ಗಿ ಅತ್ತೆಯ ದಿಂಬು ಸರಿಮಾಡಬೇಕು, ಮಗ್ಗುಲು ತಿರುಗಿಸಬೇಕು, ಹೋಗಬೇಕು. ರೇಷ್ಮೆ ಅಂಗಿ ಮೊದಲ ಸುತ್ತಿನಲ್ಲೇ ಸೋತಿತು. ಬಗ್ಗಿದ ಕೂಡಲೇ ಸ್ಕಾರ್ಫು ಅತ್ತೆಯ ಮುಖ ಮುಚ್ಚಿತು. "ಬದುಕಿರೋಳಿಗೇ ಮುಸುಕು ಹಾಕ್ತೀಯೇನೇ?" ಅಂತ ಅತ್ತೆ ಒಳಗಿನಿಂದಲೇ ಕೂಗಿದಳು. ಬಳೆ ಬೆನ್ನಿಗೆ ಗೀರಿತು. ಸರದ ಪದಕ ತೂಗಾಡಿ ಮೂಗಿಗೆ ಬಡಿಯಿತು. ಸೆಂಟಿನ ಘಾಟಿಗೆ ಅತ್ತೆ ಸೀನಿದ ಸೀನಿಗೆ ಪಕ್ಕದ ಮನೆಯವರು ಎದ್ದಿರಬೇಕು.

"ಉಗುರು ಕತ್ತರಿಸು. ಕೂದಲು ಎತ್ತಿ ಕಟ್ಟು, ನನ್ನ ಬಾಯಿಗೆ ಬರುತ್ತೆ. ಪ್ಯಾಂಟು ಬಿಗಿ ಆಯ್ತು, ಬಗ್ಗೋಕೆ ಹೆದರ್ತಿದ್ದೀಯ. ಬೇರೆ ಹಾಕು."

"ಅತ್ತೆ, ಆಸ್ಪತ್ರೆಯವರೂ ಇಷ್ಟು ಕೇಳಲ್ಲ!"

"ಅವರು ನಿಂತು ನೋಡ್ತಾರೆ, ಅವರಿಗೇನು ಗೊತ್ತು?"

ನಕ್ಕು ನಕ್ಕು ಇಬ್ಬರಿಗೂ ಹೊಟ್ಟೆ ಹಿಡಿದುಕೊಂಡಿತು. ಕೊನೆಗೆ ಗೆದ್ದದ್ದು ಒಂದು ನೀಲಿ ಸಡಿಲ ಪ್ಯಾಂಟು, ತೋಳು ಮೊಣಕೈವರೆಗೆ ಮಡಚಬಹುದಾದ ತಿಳಿ ಬಣ್ಣದ ಹತ್ತಿ ಅಂಗಿ. ಕಾಲಿಗೆ ಸೊಸೆಯ ಹಳೇ ಕರಿ ಶೂ. ಚಪ್ಪಟೆ ಅಟ್ಟೆ, ಬೆರಳು ಮುಚ್ಚುವಂಥದ್ದು, ಕೆಳಗೆ ರಬ್ಬರು. ಬೆಳಿಗ್ಗೆ ದಾರಿಯಲ್ಲಿ ಹೊಸದು ಕೊಳ್ಳೋಣವೇ ಅಂದರೆ ಅತ್ತೆ ಬೇಡವೆಂದಳು. ಹೊಸ ಶೂ ಕಚ್ಚಿದರೆ ಪ್ರಶ್ನೆಗೆ ಉತ್ತರ ಹೇಳುವಾಗಲೂ ಮನಸ್ಸು ಹಿಮ್ಮಡಿಯಲ್ಲೇ ಇರುತ್ತದೆ. ಮಂಚದ ಮೇಲೆ ಕೂತು, ಹಳೇ ಬಟ್ಟೆಯ ತುಂಡಿನಿಂದ ಆ ಶೂಗಳಿಗೆ ಅತ್ತೆಯೇ ಪಾಲಿಶ್ ಹಚ್ಚಿದಳು. ಸೊಸೆ ಬೇಡ ಬೇಡ ಅಂತ ಕೈ ಹಿಡಿದರೆ ಕೋಲು ತೋರಿಸಿದಳು.

ಮಾರನೆಯ ದಿನ ಅತ್ತೆಯೂ ಹೊರಟಳು. ಮನೆಯಲ್ಲಿ ಕೂತು ಗಡಿಯಾರ ನೋಡುವುದು ತನ್ನಿಂದಾಗದು ಅಂತ ಹಟ ಹಿಡಿದಳು. ಆಸ್ಪತ್ರೆಯ ಮೊಗಸಾಲೆಯಲ್ಲಿ ಬೆಂಚಿನ ಮೇಲೆ ಕೂತಳು, ಸೊಸೆ ಒಳಗೆ ಹೋದಳು. ಬಾಗಿಲು ಮುಚ್ಚಿತು. ಅತ್ತೆ ಸಿಗಲಿ ಅಂತ ಒಂದು ಸಲ, ಸಿಗದಿರಲಿ ಅಂತ ಒಂದು ಸಲ, ಮತ್ತೆ ಸಿಗಲೇಬೇಕು ಅಂತ ಹತ್ತು ಸಲ ಬೇಡಿಕೊಂಡಳು.

ಯಾರೋ ಪಕ್ಕದಲ್ಲಿ ಬಂದು ನಿಂತದ್ದು ಅವಳಿಗೆ ಕೇಳಿಸಲೇ ಇಲ್ಲ. ನೋಡಿದರೆ ಹೆಡ್ ನರ್ಸ್. ನರೆಗೂದಲು, ಚಪ್ಪಟೆ ಶೂ. ಹಿಂದೆಯೇ ಸೊಸೆ.

"ಎರಡು ವರ್ಷ ಏನು ಮಾಡ್ತಿದ್ರಿ ಅಂತ ಇವರನ್ನ ಕೇಳಿದೆ," ಅಂದರು ಹೆಡ್ ನರ್ಸ್. "ಒಬ್ಬರೇ ಪೇಷಂಟು, ಸೊಂಟದ ಮೂಳೆ ಮುರಿದಿತ್ತು, ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ ಅಂದ್ರು. ನೀವೇನಾ?"

"ನಾನೇ."

"ಸ್ವಲ್ಪ ನಡೀರಿ, ನೋಡೋಣ."

ಅತ್ತೆ ಎದ್ದಳು. ಸೊಸೆ ಕೈ ಚಾಚಿದಳು, ಅತ್ತೆ ಹಿಡಿಯಲಿಲ್ಲ. ಕೋಲೂರಿ ಕಿಟಕಿಯವರೆಗೆ ನಡೆದಳು, ತಿರುಗಿದಳು, ಸೆಟೆದು ವಾಪಸ್ ಬಂದಳು. ಹೆಡ್ ನರ್ಸ್ ಅವಳ ಪಾದಗಳನ್ನೇ ನೋಡುತ್ತಿದ್ದರು. ಆಮೇಲೆ ಸೊಸೆಯ ಕಡೆ ತಿರುಗಿ, "ಸೋಮವಾರದಿಂದ ಬನ್ನಿ," ಅಂದರು.

ಹೆಡ್ ನರ್ಸ್ ನಗುತ್ತಾ ಅತ್ತೆಯನ್ನು ಕೇಳಿದರು, "ಏನಮ್ಮ, ಇವರನ್ನ ನಮಗೆ ಬಿಟ್ಟುಕೊಡೋಕೆ ನಿಮಗೆ ಒಪ್ಪಿಗೆ ತಾನೆ?"

"ಇಲ್ಲ," ಅಂದಳು ಅತ್ತೆ. ಅನ್ನಬಾರದಿತ್ತು, ಬಾಯಿಂದ ಬಂದುಬಿಟ್ಟಿತು. ಸೊಸೆ ಬೆರಗಾಗಿ ನೋಡಿದಳು. ಇನ್ನು ಮುಚ್ಚಿಟ್ಟು ಏನು ಪ್ರಯೋಜನ?

"ಒಪ್ಪಿಗೆ ಇಲ್ಲ. ಇವಳಿಲ್ಲದೆ ಹಗಲು ಹೇಗೆ ಕಳೀಲಿ ಅಂತ ನಂಗೆ ಭಯ," ಅಂದಳು. "ಆದ್ರೂ ತಗೊಳ್ಳಿ. ಇಂಥವಳು ನಿಮಗೆ ಎಲ್ಲೂ ಸಿಗಲ್ಲ. ಸಂಜೆಗೆ ಮಾತ್ರ ನನ್ನ ಸೊಸೇನ ನನಗೆ ವಾಪಸ್ ಕಳಿಸಿಬಿಡಿ."