ಓಕುಳಿ ಬಿದ್ದ ಡಿಸ್ಕು

ಮುರಳಿ ಈಶಪ್ಪನ ಕೆನ್ನೆಗೆ ಬಾರಿಸಿದ ಸದ್ದು ಕ್ಯಾಬಿನ್ನಿನ ಗಾಜು ದಾಟಿ ಒಳಗೆ ಬಂತು. ಪೀಣ್ಯದ ಆ ಬೀದಿಯಲ್ಲಿ ಸದ್ದಿಗೇನೂ ಬರವಿಲ್ಲ. ಪಕ್ಕದ ಶೆಡ್ಡಿನಲ್ಲಿ ಪವರ್ ಪ್ರೆಸ್ಸು ತಗಡನ್ನು ಗುದ್ದುತ್ತಲೇ ಇರುತ್ತದೆ, ಎದುರಿನವರು ಕಬ್ಬಿಣ ಕೊಯ್ಯುತ್ತಲೇ ಇರುತ್ತಾರೆ. ಆದರೂ ಮನುಷ್ಯನ ಕೆನ್ನೆಯ ಸದ್ದೇ ಬೇರೆ. ಭಾಗ್ಯಶ್ರೀ ತೆರೆದ ಊಟದ ಡಬ್ಬಿಯನ್ನು ಹಾಗೇ ಬಿಟ್ಟು ಹೊರಗೆ ಬಂದಳು.

ಏಟು ತಿಂದವನು ಅವಳ ಗಂಡ. ಲಿಫ್ಟಿನ ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದ. ತುಟಿಯ ಅಂಚಿನಿಂದ ರಕ್ತ ಇಳಿದು ಗದ್ದದ ಗ್ರೀಸಿನಲ್ಲಿ ಸೇರಿಕೊಳ್ಳುತ್ತಿತ್ತು. ಒರೆಸಿಕೊಂಡರೆ ಏಟು ಬಿದ್ದದ್ದನ್ನು ಒಪ್ಪಿಕೊಂಡಂತಾಗುತ್ತದೆ ಎಂಬಂತೆ ಕೈ ಎತ್ತಿರಲಿಲ್ಲ. ಅವನ ಪಕ್ಕದಲ್ಲಿ, ಲಿಫ್ಟಿನ ತೋಳುಗಳ ಮೇಲೆ, ಮುರಳಿಯ ಕಿತ್ತಳೆ ಬಣ್ಣದ ಸ್ಪೋರ್ಟ್ಸ್ ಕಾರು ಮುಂದಿನ ಎರಡೂ ಚಕ್ರ ಬಿಚ್ಚಿಸಿಕೊಂಡು ಕೂತಿತ್ತು.

ಮುರಳಿಯ ತಕರಾರು ಇಷ್ಟೇ. ಮಳೆಗಾಲಕ್ಕೆ ಮುಂಚೆ ಇದೇ ಗ್ಯಾರೇಜಿನಲ್ಲಿ, ಇದೇ ಈಶಪ್ಪನ ಕೈಯಲ್ಲಿ ಮುಂದಿನ ಎರಡೂ ಚಕ್ರಕ್ಕೆ ಹೊಸ ಬ್ರೇಕ್ ಡಿಸ್ಕ್, ಎಂದರೆ ಪ್ಯಾಡು ಕಚ್ಚಿ ಹಿಡಿಯುವ ಕಬ್ಬಿಣದ ತಟ್ಟೆ, ಹಾಕಿಸಿದ್ದ. ಈಗ ಬ್ರೇಕ್ ತುಳಿದರೆ ಪೆಡಲ್ಲು ಕಾಲಿನಡಿ ನಡುಗುತ್ತದೆ, ಸ್ಟೀರಿಂಗು ಕೈಯಿಂದ ಕಿತ್ತುಕೊಳ್ಳುತ್ತದೆ. ಡೂಪ್ಲಿಕೇಟ್ ಮಾಲು ಹಾಕಿ ಅಸಲಿಯದ್ದನ್ನು ಮಾರಿಕೊಂಡಿದ್ದಾನೆ ಎಂಬುದು ಅವನ ಆರೋಪ. ಮಾಕಳಿಯ ಹಳೇ ಕುಳ ಅವನು. ಅಜ್ಜನ ರಾಗಿ ಹೊಲದ ಮೇಲೆಲ್ಲ ಈಗ ಗೋಡೌನುಗಳು ನಿಂತಿವೆ. ಭಾನುವಾರ ಬೆಳಕು ಹರಿಯುವ ಹೊತ್ತಿಗೆ ತುಮಕೂರು ರಸ್ತೆಯಲ್ಲಿ ಪಂದ್ಯ ಕಟ್ಟಿ ಕಾರು ಓಡಿಸುವುದು ಅವನ ಚಟ. ನಾಳೆಯೂ ಒಂದು ಪಂದ್ಯವಿತ್ತು, ಅದೂ ಹಿಂದಿನ ಸಲ ಅವನನ್ನು ಸೋಲಿಸಿ ಎಲ್ಲರೆದುರು ನಕ್ಕವನ ಜೊತೆ. ಇವತ್ತು ಜೊತೆಗೆ ಗೆಳೆಯ ಕೃಷ್ಣನನ್ನು ಕರೆತಂದಿದ್ದ. ಕೃಷ್ಣ ಮಾತಿಗೆ ಬಂದವನಲ್ಲ.

ಭಾಗ್ಯಶ್ರೀ ಗಂಡನ ಕಡೆ ನೋಡದೆ ನೇರ ಕಾರಿನ ಹತ್ತಿರ ಹೋದಳು. ಅವಳು ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಓದಿದವಳು. ಈ ಗ್ಯಾರೇಜಿನಲ್ಲಿ ಯಾವ ಗಾಡಿಗೆ ಏನು ಮಾಡಬೇಕೆಂದು ಹೇಳುವುದು ಅವಳ ಕೆಲಸ, ಮಾಡುವುದು ಈಶಪ್ಪನ ಕೆಲಸ. ಮೊದಲು ಬಲಗಡೆಯ ಡಿಸ್ಕು ನೋಡಿದಳು. ನೀಟಾಗಿತ್ತು. ಸ್ವಲ್ಪ ಸವೆದಿತ್ತು, ಅಷ್ಟೇ. ಎಡಗಡೆಯದಕ್ಕೆ ಟಾರ್ಚು ಹಿಡಿದಳು. ಶಾಖ ಹೋಗಲೆಂದು ಕೊರೆದ ತೂತಿನಿಂದ ತೂತಿಗೆ ಕೂದಲೆಳೆಯ ಬಿರುಕು ಹರಿದಿತ್ತು, ಒಂದು ಹೊರಗಿನ ಅಂಚನ್ನೇ ಮುಟ್ಟಿತ್ತು. ಸಣ್ಣ ಬಿರುಕಿದ್ದರೆ ಇನ್ನಷ್ಟು ದಿನ ಓಡಿಸಬಹುದು. ಅಂಚು ಮುಟ್ಟಿತೆಂದರೆ ಮುಗಿಯಿತು. ಇನ್ನೊಂದು ಸಲ ಗಟ್ಟಿಯಾಗಿ ತುಳಿದರೆ ಅದು ಬಿರಿಯುತ್ತದೆ, ಚಕ್ರ ಎತ್ತ ಎಳೆಯುತ್ತದೋ ದೇವರೇ ಬಲ್ಲ.

ಮಳೆಗಾಲಕ್ಕೆ ಮುಂಚೆ ಬದಲಾಯಿಸಿದಾಗಲೂ ಒಡೆದಿದ್ದದ್ದು ಎಡಗಡೆಯದ್ದೇ ಎಂಬುದು ಅವಳಿಗೆ ನೆನಪಾಯಿತು. ಬಿಚ್ಚಿಟ್ಟ ಚಕ್ರವನ್ನು ಮಗುಚಿ ಒಳಗೆ ಬೆರಳಾಡಿಸಿದಳು. ರಿಮ್ಮಿನ ಒಳಮೈಯಲ್ಲಿ ಸುಟ್ಟು ಅಂಟಿಕೊಂಡ ಕೆಂಪು ಕಲೆ. ಉಗುರಿನಿಂದ ಕೆರೆದು ಮೂಸಿದಳು. ಅರಿಶಿನ, ಸುಣ್ಣ.

ಓಡಿಸಿ ಬಂದ ಮೇಲೆ ಗಾಡಿಗೆ ಓಕುಳಿ ನೀರು ಹಾಕುತ್ತಾರಾ ಎಂದು ಕೇಳಿದಳು.

ಹಾಕದೆ ಬಿಡ್ತಾರಾ ಎಂದ ಮುರಳಿ. ಅವನ ಅಣ್ಣ ಅದೇ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡ ಮೇಲೆ ತಾಯಿ ಈಶ್ವರಮ್ಮ ಪ್ರತಿ ಭಾನುವಾರ ಗೇಟಿನಲ್ಲೇ ಕಾಯುತ್ತಾಳೆ. ಕಾರು ನಿಲ್ಲುತ್ತಿದ್ದಂತೆ ಮಗನಿಗೂ ಗಾಡಿಗೂ ದೃಷ್ಟಿ ನಿವಾಳಿಸಿ, ಓಕುಳಿಯನ್ನು ಚಕ್ರಕ್ಕೆ ಸುರಿದ ಮೇಲೆಯೇ ಇಳಿಯಲು ಬಿಡುತ್ತಾಳೆ. ಇದನ್ನು ಹೇಳುವಾಗ ಮಾತ್ರ ಅವನ ದನಿ ಸ್ವಲ್ಪ ಇಳಿದಿತ್ತು.

ತಾಯಿ ನಿಲ್ಲುವುದು ಎಡಗಡೆಯಾ ಎಂದು ಭಾಗ್ಯಶ್ರೀ ಕೇಳಿದಳು. ಹೌದು, ಗೇಟು ಇರುವುದೇ ಎಡಗಡೆ ಎಂದ ಅವನು.

ಅಲ್ಲಿಗೆ ಅವಳು ಬಾಯಿ ಮುಚ್ಚಬಹುದಿತ್ತು. ಗಂಡನ ಮೇಲಿನ ಕಳ್ಳತನದ ಆರೋಪ ಇಳಿಸುವ ಆತುರದಲ್ಲಿ ಮುಚ್ಚಲಿಲ್ಲ. ಪಂದ್ಯ ಓಡಿ ಬಂದ ಡಿಸ್ಕು ಒಲೆಯ ಮೇಲಿನ ಕಾವಲಿಯ ಹಾಗೆ ಕಾದಿರುತ್ತದೆ, ಅದರ ಮೇಲೆ ತಣ್ಣೀರು ಬಿದ್ದರೆ ಬಿರಿಯುತ್ತದೆ, ಮಾಲಿನ ತಪ್ಪೂ ಅಲ್ಲ, ಹಾಕಿದವನ ತಪ್ಪೂ ಅಲ್ಲ ಎಂದು ಬಿಡಿಸಿ ಹೇಳಿದಳು.

"ಏನಂದೆ?" ಮುರಳಿ ಹತ್ತಿರ ಬಂದ. "ನಮ್ಮಮ್ಮನೇ ನನ್ನ ಸಾಯಿಸ್ತಾ ಅವ್ಳೆ ಅಂತೀಯಾ?"

ಅವಳು ಹಾಗೆ ಅಂದಿರಲಿಲ್ಲ. ಆದರೆ ಅಂದದ್ದರ ಅರ್ಥ ಅದೇ ಆಗಿತ್ತು. ಮುರಳಿ ಅವಳನ್ನು ಮುಟ್ಟಲಿಲ್ಲ. ತಿರುಗಿ ಈಶಪ್ಪನ ಹೊಟ್ಟೆಗೆ ಗುದ್ದಿದ. ಈಶಪ್ಪ ಮಡಚಿಕೊಂಡ. ಕೃಷ್ಣ ಅವನ ಕೂದಲು ಹಿಡಿದೆತ್ತಿ ನಿಲ್ಲಿಸಿದ, ಮುರಳಿ ಇನ್ನೊಂದು ಹಾಕಿದ. ಬೆಳಿಗ್ಗೆ ತಿಂದದ್ದೆಲ್ಲ ಸಿಮೆಂಟಿನ ನೆಲಕ್ಕೆ ಬಂತು. ಗಂಡಸಿನ ಹೊಟ್ಟೆಯಿಂದ ಅಂಥ ಸದ್ದು ಬರುತ್ತದೆಂದು ಭಾಗ್ಯಶ್ರೀಗೆ ಗೊತ್ತಿರಲಿಲ್ಲ. ಮಾಕಳಿಯಲ್ಲಿ ಬಾಡಿಗೆಗೆ ಇರೋರು ನೀವು, ಬಾಯಿ ಹಿಡಿತದಲ್ಲಿಟ್ಕೊಳ್ಳಿ ಎಂದು ಮುರಳಿ ಗೆಣ್ಣು ತಿಕ್ಕಿಕೊಂಡ.

ಆ ಹೊತ್ತಿಗೆ ಗ್ಯಾರೇಜಿನ ಯಜಮಾನ ಹನುಮಂತರಾಯಪ್ಪ ಊಟ ಮುಗಿಸಿ ಬಂದ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬುದರಲ್ಲೇ ತಲೆ ನೆರೆಸಿಕೊಂಡವನು. ಮುರಳಿಗೆ ಕುರ್ಚಿ ಹಾಕಿಸಿ, ಹೊಸ ಡಿಸ್ಕು ಚೆನ್ನೈನಿಂದ ಬರೋದಕ್ಕೆ ವಾರ ಹಿಡಿಯುತ್ತೆ, ಈಗ ಹಿಂದಿನ ಬೀದಿಯ ಲೇತಿಗೆ ಹಾಕಿಸಿ ಮೇಲಿಂದ ಒಂದು ಪದರ ಕೆರೆಸಿ ಕೊಡೋಣ, ಸಂಜೆಗೆ ಗಾಡಿ ರೆಡಿ ಎಂದ. ಪೀಣ್ಯದಲ್ಲಿ ಇದು ಎಲ್ಲರೂ ಮಾಡುವುದೇ. ನಡುಗುವ ಡಿಸ್ಕನ್ನು ತಿರುವಿ ನುಣುಪು ಮಾಡಿದರೆ ನಡುಕ ನಿಲ್ಲುತ್ತದೆ. ಮಾಮೂಲಿ ಗಾಡಿಗೆ ಸಾಕು.

ಆದರೆ ಬಿರುಕು ಮೇಲಿಂದ ಕೆರೆದರೆ ಹೋಗುವ ಕೊಳೆಯಲ್ಲ. ತೆಳ್ಳಗಾದಷ್ಟೂ ಡಿಸ್ಕು ಬೇಗ ಕಾಯುತ್ತದೆ, ಬೇಗ ಒಡೆಯುತ್ತದೆ. ಬದಲಾಯಿಸಿದರೆ ಎರಡೂ ಕಡೆಯದು ಒಟ್ಟಿಗೆ ಬದಲಾಯಿಸಬೇಕು, ಪ್ಯಾಡೂ ಹೊಸದಿರಬೇಕು, ಅಲ್ಲಿಯವರೆಗೆ ಕಾರು ಲಿಫ್ಟಿನಿಂದ ಇಳಿಯಬಾರದು. ಭಾಗ್ಯಶ್ರೀ ಇಷ್ಟನ್ನೂ ಯಜಮಾನನಿಗೆ ಹೇಳಿದಳು. ಅವನು ಅವಳ ಕಣ್ಣು ತಪ್ಪಿಸಿ, ನಿಮ್ಮ ಓದು ನಿಮ್ಮ ಹತ್ರ ಇರಲಮ್ಮ ಎಂದ.

ಮುರಳಿ ನಕ್ಕ. ಲೇತೂ ಬೇಡ, ಏನೂ ಬೇಡ, ಹೀಗೇ ಚಕ್ರ ಹಾಕು ಎಂದ. ಈ ಗ್ಯಾರೇಜಿನಲ್ಲಿ ಒಂದು ಕಟ್ಟಳೆ ಇತ್ತು. ಬ್ರೇಕ್ ಮುಟ್ಟಿದವನು ಮೊದಲ ಓಟಕ್ಕೆ ಗಾಡಿಯವರ ಪಕ್ಕ ಕೂರಬೇಕು. ಹನುಮಂತರಾಯಪ್ಪ ಕೊಡುತ್ತಿದ್ದ ಗ್ಯಾರಂಟಿ ಅದೊಂದೇ. ಕಾರಿನ ಗಿರಾಕಿಗಳು ಆ ಒಂದು ಮಾತಿಗೇ ದೂರದಿಂದ ಹುಡುಕಿಕೊಂಡು ಬರುತ್ತಿದ್ದರು. ಮುರಳಿ ಅದನ್ನೇ ಎತ್ತಿದ.

"ಇವ್ನು ಹಾಕಿದ್ ಡಿಸ್ಕು ತಾನೆ ಗುರು? ಇವಾಗ್ಲೇ ಪಕ್ಕ ಕೂತ್ಕೊಳ್ಲಿ. ನೆಲಮಂಗ್ಲದ್ ತಂಕ ಹೋಗಿ ಬರಾನ. ಮಾಲು ಅಸಲಿ ಆದ್ರೆ ವಾಪಸ್ ಬತ್ತಾನೆ."

ಕೃಷ್ಣ ಮೊದಲ ಸಲ ನಕ್ಕ.

ಯಜಮಾನ ಬೇಡವೆನ್ನುತ್ತಾನೆಂದು ಭಾಗ್ಯಶ್ರೀ ಕಾದಳು. ಅವನು ಮೊಬೈಲು ನೋಡುತ್ತಿದ್ದ. ಈಶಪ್ಪ ಬಾಯೊರೆಸಿಕೊಂಡು ಎದ್ದ. ಕಳ್ಳ ಅನ್ನಿಸಿಕೊಂಡವನು, ಹೆಂಡತಿಯ ಎದುರು ಒದೆ ತಿಂದವನು. ಅವನ ಮುಖದಲ್ಲಿ ಈಗ ಹೆದರಿಕೆ ಇರಲಿಲ್ಲ. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು.

"ನಾ ಹಾಕಿದ್ದು," ಎಂದ. "ನಾ ಕುಂಡ್ರತೇನಿ."

"ಕುಂಡ್ರಬ್ಯಾಡ್ರಿ," ಎಂದಳು ಭಾಗ್ಯಶ್ರೀ. "ಅದು ಒಡದೈತಿ. ನಿಮಗೂ ಕಾಣಸತೈತಿ."

"ನೀ ಒಳಗ ಹೋಗು."

ಅವನು ಬಲಗಡೆಯ ಚಕ್ರ ಎತ್ತಿ ಕೂರಿಸಿ ಬೋಲ್ಟು ಬಿಗಿಯತೊಡಗಿದ. ಎದುರುಬದುರು ಬೋಲ್ಟನ್ನು ಒಂದಾದ ಮೇಲೊಂದು, ಎಂದಿನಂತೆ ಶಿಸ್ತಾಗಿ. ಸಾಯಲು ಹೊರಟ ಗಾಡಿಯ ಬೋಲ್ಟನ್ನೂ ಸರಿಯಾಗೇ ಬಿಗಿಯುವ ಜಾತಿ ಅವನದು. ಭಾಗ್ಯಶ್ರೀ ಅವನ ಬಗ್ಗಿದ ಬೆನ್ನು ನೋಡಿದಳು. ಆ ಬೆನ್ನಿಗೆ ಹೇಳಿ ಪ್ರಯೋಜನವಿಲ್ಲ. ಮುರಳಿಗೆ ಹೇಳಿಯೂ ಇಲ್ಲ, ಯಜಮಾನನಿಗೆ ಹೇಳಿಯೂ ಇಲ್ಲ. ಮಾತು ಬಿಟ್ಟು ಏಟಿನಿಂದ ಒಪ್ಪಿಸಬಹುದಾದದ್ದು ಕಬ್ಬಿಣ ಒಂದೇ.

ಸಿಕ್ಕಿಕೊಂಡ ಬೇರಿಂಗು ಬಡಿದು ಬಿಡಿಸುವ ದೊಡ್ಡ ಸುತ್ತಿಗೆ ಗೋಡೆಗೊರಗಿತ್ತು. ಎರಡೂ ಕೈಯಲ್ಲಿ ಎತ್ತಿಕೊಂಡು ಎಡಗಡೆಗೆ ಬಂದಳು. ಡಿಸ್ಕು ಅವಳ ಎದೆಯ ಎತ್ತರಕ್ಕಿತ್ತು. ಕಾಲು ಅಗಲಿಸಿ ನಿಂತು ಬೀಸಿದಳು.

ಮೊದಲ ಏಟಿಗೆ ಕೈ ಭುಜದವರೆಗೆ ಜುಮ್ಮೆಂದಿತು. ಸದ್ದು ಮಾತ್ರ ಸತ್ತ ಸದ್ದು, ಒಡಕು ಮಡಕೆಯದು. ಗಟ್ಟಿ ಡಿಸ್ಕಾಗಿದ್ದರೆ ಗಂಟೆಯ ಹಾಗೆ ಮೊಳಗಬೇಕಿತ್ತು. ಯಾರೋ ಕೂಗಿದರು. ಅವಳು ಮತ್ತೆ ಬೀಸಿದಳು. ಬಿರುಕು ಒಳಗಿನವರೆಗೆ ಹರಿಯಿತು. ಇನ್ನೊಂದು ಏಟಿಗೆ ಕುಡುಗೋಲಿನಷ್ಟು ಉದ್ದದ ತುಂಡೊಂದು ಕಿತ್ತು ಬಂದು ನೆಲಕ್ಕೆ ಬಿತ್ತು. ಅಲ್ಲಿಗೇ ಸಾಕಿತ್ತು. ಆದರೂ ಅವಳ ಕೈ ನಿಲ್ಲಲಿಲ್ಲ. ಇನ್ನೊಮ್ಮೆ ಬೀಸಿದಳು, ಆ ಏಟಿಗೆ ಯಾವ ಕಾರಣವೂ ಇರಲಿಲ್ಲ.

ಮುರಳಿ ಹಿಂದಿನಿಂದ ಜಡೆ ಹಿಡಿದ. ಮುಖವನ್ನು ಲಿಫ್ಟಿನ ಕಂಬಕ್ಕೆ ಅಪ್ಪಳಿಸಿದ. ಬಾಯಲ್ಲಿ ಏನೋ ಕಡಲೆಯಂತೆ ಪುಡಿಯಾಯಿತು, ಆಮೇಲೆ ನಾಲಿಗೆಗೆ ತಾಗಿದಾಗ ಹಲ್ಲೆಂದು ತಿಳಿಯಿತು. ಇನ್ನೊಮ್ಮೆ ಅಪ್ಪಳಿಸಿದ. ನೋವು ಇನ್ನೂ ದೂರವಿತ್ತು, ಬೇರೆ ಯಾರಿಗೋ ಆಗುತ್ತಿದ್ದಂತೆ. ಅಷ್ಟರಲ್ಲಿ ಜಡೆಯ ಮೇಲಿನ ಹಿಡಿತ ಸಡಿಲವಾಯಿತು. ಈಶಪ್ಪ ವೀಲ್ ಸ್ಪ್ಯಾನರಿನಿಂದ ಮುರಳಿಯ ಭುಜಕ್ಕೆ ಹೊಡೆದಿದ್ದ. ತಲೆಗೆ ಬೀಸಿದ್ದು ಭುಜಕ್ಕೆ ಬಿತ್ತು, ಅದು ಅವನ ಪುಣ್ಯವೋ ಇವನದೋ. ಮುರಳಿ ಮಂಡಿಯೂರಿದ. ಈಶಪ್ಪ ಮತ್ತೆ ಸ್ಪ್ಯಾನರು ಎತ್ತುತ್ತಿದ್ದಾಗ ಕೃಷ್ಣ ಆ ತೋಳನ್ನು ಹಿಡಿದು ಬೆನ್ನ ಹಿಂದಕ್ಕೆ ತಿರುಚಿದ, ತಿರುಚಿದವನು ನಿಲ್ಲಿಸಲಿಲ್ಲ. ಒಣ ಕಟ್ಟಿಗೆ ಮುರಿದ ಸದ್ದಾಯಿತು. ಈಶಪ್ಪ ಕುಸಿದ.

ಪಕ್ಕದ ಶೆಡ್ಡಿನ ಪ್ರೆಸ್ಸು ನಿಂತಿತ್ತು. ಅಲ್ಲಿಯ ಕೆಲಸಗಾರರು ಕೈಗೆ ಸಿಕ್ಕ ರಾಡು ಹಿಡಿದು ಬಾಗಿಲಲ್ಲಿ ಬಂದು ನಿಂತರು. ಕೃಷ್ಣ ಹಿಂದೆ ಸರಿದ.

ಭಾಗ್ಯಶ್ರೀ ನೆಲದಲ್ಲಿದ್ದ ಡಿಸ್ಕಿನ ತುಂಡು ಎತ್ತಿಕೊಂಡು ಮುರಳಿಯ ಮುಂದೆ ಕೂತಳು. ಒಡೆದ ಮೈಯನ್ನು ಅವನ ಮುಖಕ್ಕೆ ಹಿಡಿದಳು. ಬಹುಪಾಲು ಕಪ್ಪಗಿತ್ತು, ತುಕ್ಕು ತಿಂದಿತ್ತು. ತುದಿಯಲ್ಲಿ ಬೆರಳಗಲ ಮಾತ್ರ ಬೂದಿಬಣ್ಣದಲ್ಲಿ ಹೊಳೆಯುತ್ತಿತ್ತು.

"ಹೊಳಿಯೂದಷ್ಟ ನಾ ಒಡದಿದ್ದು," ಎಂದಳು. ಮಾತಿನ ಜೊತೆ ರಕ್ತ ಬಂತು. "ಕರ್ರಗಿರೂದು ಮೊದಲ ಒಡದಿತ್ತು. ಇಷ್ಟರ ಮ್ಯಾಲೆ ನೀವು ನನ್ನ ಗಂಡನ್ನ ಕರಕೊಂಡು ಹೊಂಟಿದ್ರಿ. ನೀವೂ ಇದರ ಮ್ಯಾಲೇ ಹೋಗವರಿದ್ರಿ."

ಮುರಳಿ ಆ ಬೆರಳಗಲವನ್ನೇ ನೋಡಿದ. ಕಬ್ಬಿಣದ ಮೇಲೆ ಹೆಬ್ಬೆರಳಿಟ್ಟು ಅಳೆದ. ಅವನ ಭುಜ ಒಂದು ಕಡೆ ಇಳಿಬಿದ್ದಿತ್ತು. ಕ್ಷಮಿಸಿ ಅನ್ನುವ ಬಾಯಿ ಅದಲ್ಲ. ಎದ್ದು ಹನುಮಂತರಾಯಪ್ಪನಿಗೆ, ಹೊಸದು ತರಿಸಿ ಎಂದ.

"ಎರಡೂ ಕಡೀದು," ಎಂದಳು ಭಾಗ್ಯಶ್ರೀ ಕೂತಲ್ಲಿಂದಲೇ. "ಪ್ಯಾಡೂ. ಓಕುಳಿ ಹಾಕೂದಾದ್ರ ಗಾಡಿ ತಣ್ಣಗಾಗೂ ಮಟ ಕಾಯಾಕ ಹೇಳ್ರಿ ಅವರಿಗೆ."

ಮುರಳಿ ನಿಂತ. ತಿರುಗಿದಾಗ ಅವನ ಕಣ್ಣಲ್ಲಿ ಮೊದಲಿನ ಕೆಚ್ಚಿರಲಿಲ್ಲ, ಅದಕ್ಕಿಂತ ಕೆಟ್ಟದ್ದೇನೋ ಇತ್ತು.

"ಈ ಮಾತು ನಮ್ಮಮ್ಮನ್ ಕಿವಿಗೆ ಬಿದ್ರೆ ಇಬ್ರುನ್ನೂ ಹೂತ್ಬಿಡ್ತೀನಿ," ಎಂದ ಮೆಲ್ಲಗೆ. "ಒಬ್ಬ ಮಗನ್ನ ಕಳ್ಕೊಂಡವ್ಳು. ಇನ್ನೊಬ್ಬನ್ನ ತಾನೇ ಸಾಯಿಸ್ತಿದ್ದೆ ಅಂತ ಗೊತ್ತಾದ್ರೆ ಉಳಿಯಾಕಿಲ್ಲ."

ಕಾಯಲು ಹೇಳುತ್ತಾನೋ ಇಲ್ಲವೋ, ಅದನ್ನು ಹೇಳದೆ ಹೋದ. ಹೇಳದಿದ್ದರೆ ಹೊಸ ಡಿಸ್ಕೂ ಎಡಗಡೆಯಲ್ಲೇ ಒಡೆಯುತ್ತದೆ. ಅದು ಅವರ ಮನೆಯ ವಿಷಯ ಎಂದುಕೊಂಡಳು ಭಾಗ್ಯಶ್ರೀ. ಅವಳ ಮನೆಯದು ನೆಲದ ಮೇಲೆ ತೋಳು ಹಿಡಿದು ಬಿದ್ದಿತ್ತು.

ಪ್ರೆಸ್ಸಿನವರೇ ಆಟೋ ತಂದರು. ಹನುಮಂತರಾಯಪ್ಪ ಬೀದಿಯವರೆಗೆ ಬಂದು ಏನೋ ಹೇಳಲು ನೋಡಿದ. ಡ್ರೈವರು ಅಷ್ಟರಲ್ಲಿ ಗಾಡಿ ಎತ್ತಿದ್ದ.

ರಸ್ತೆಯ ಗುಂಡಿಗೊಂದು ಸಲ ಈಶಪ್ಪನ ಮುಖ ಬಿಳಿಚುತ್ತಿತ್ತು. ಎರಡು ಗುಂಡಿಗಳ ನಡುವೆ ಅವನು ಬೈಯತೊಡಗಿದ. ನಾಲ್ಕು ಜನರ ಮುಂದೆ ನನ್ನ ಮಾನ ಕಳದಿ, ನಾ ಕುಂಡ್ರತೇನಿ ಅಂದ ಮ್ಯಾಲೆ ನೀ ಯಾಕ ಬಂದಿ, ನಿಮ್ಮಪ್ಪ ನಿನಗ ಇದನ್ನ ಕಲಿಸಿದ್ನೇನು, ನಾಳೆ ಯಾವ ಮುಖ ಹೊತ್ತು ಆ ಗ್ಯಾರೇಜಿಗೆ ಹೋಗಲಿ. ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡು ಕೇಳುತ್ತಿದ್ದಳು. ಉತ್ತರ ಕೊಟ್ಟರೆ ಅವನು ಸುಮ್ಮನಾಗಿಬಿಡುತ್ತಾನೆ, ಸುಮ್ಮನಾದರೆ ತೋಳಿನ ನೋವೊಂದೇ ಉಳಿಯುತ್ತದೆ.

ಜಾಲಹಳ್ಳಿ ಕ್ರಾಸಿನ ಸಿಗ್ನಲ್ಲಿನಲ್ಲಿ ಅವನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ.

"ಮತ್ತ?" ಎಂದಳು ಅವಳು.

ಅವನು ಮತ್ತೆ ಬೈಯಲು ಶುರು ಮಾಡಿದ.