ಪಟ್ಟಿಗೆ ಬಾರದ ಮೂರು ಕೂಗು

ಝೈನಬಕ್ಕನ ದಾವೆ ಗೈರುಹಾಜರಿಯಿಂದ ವಜಾ ಆದಾಗ ಝೈನಬಕ್ಕ ಕೋರ್ಟಿನಲ್ಲೇ ಇದ್ದರು. ಬಾಗಿಲಿನಿಂದ ಇಪ್ಪತ್ತು ಹೆಜ್ಜೆ ಆಚೆ, ಮೆಟ್ಟಿಲ ಮೇಲೆ, ಕಾಗದಪತ್ರದ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

ಕೋರ್ಟಿನ ಕಚೇರಿ ನೋಡಿಕೊಳ್ಳುವ ಶಿರಸ್ತೇದಾರ್ ಹೇಮಾಕ್ಷಿಗೆ ಸಂಗತಿ ತಿಳಿದದ್ದು ಊಟದ ಹೊತ್ತಿಗೆ, ಜವಾನ ಬೂಬಣ್ಣ ಬಂದು ಹೇಳಿದಾಗ.

"ಕುದ್ರೋಳಿಯ ಝೈನಬಕ್ಕನ ಕೇಸು ಹೋಯ್ತು ಮೇಡಂ. ಅವರಿಗೆ ಇನ್ನೂ ಗೊತ್ತಿಲ್ಲ. ಹೇಳ್ಲಿಕ್ಕೆ ನನಗೆ ಬಾಯಿ ಬರುವುದಿಲ್ಲ."

ಹೇಮಾಕ್ಷಿಯ ಕೈಯ ತುತ್ತು ಡಬ್ಬಿಗೇ ಮರಳಿತು. ಏಳು ವರ್ಷದ ದಾವೆ. ಗಂಡ ತೀರಿಕೊಂಡ ಮರುತಿಂಗಳೇ ಮೈದುನ ಮನೆಗೆ ಬೀಗ ಜಡಿದು ಆಕೆಯನ್ನು ಹೊರಗೆ ಹಾಕಿದ್ದ. ಇವತ್ತು ಆಕೆಯ ಸಾಕ್ಷಿ ನಡೆಯಬೇಕಿತ್ತು.

"ನೀವು ಕೂಗಲಿಲ್ವಾ ಬೂಬಣ್ಣ?"

"ಕೂಗಬೇಡ ಅಂದದ್ದು ಯಾರು? ಸೋಮವಾರದಿಂದ ಪರದೆಯಲ್ಲಿ ನಂಬರ್ ಬರ್ತದೆ, ನೀನು ಫೈಲು ಹೊತ್ತರೆ ಸಾಕು ಅಂದ್ರು. ಮೂವತ್ತೊಂದು ವರ್ಷ ಚಾರ್ಜರ್ ಇಲ್ಲದೆ ನಡೆದ ಗಂಟಲು ಮೇಡಂ ಇದು!"

ಅಲ್ಲಿಯ ತನಕ ಪ್ರತಿ ಕೇಸಿಗೂ ಬೂಬಣ್ಣ ಹೆಸರು ಹಿಡಿದು ಮೂರು ಸಲ ಕೂಗುತ್ತಿದ್ದ. ಮೊದಲ ಕೂಗು ಬಾಗಿಲಲ್ಲಿ. ಎರಡನೆಯದು ಮೆಟ್ಟಿಲ ತುದಿಯಲ್ಲಿ. ಮೂರನೆಯದು ಕ್ಯಾಂಟೀನಿನ ಕಡೆ ಮುಖ ಮಾಡಿ. ಹಳ್ಳಿಯಿಂದ ಬಂದ ಮುದುಕರಿಗೆ ತುಳುವಿನಲ್ಲಿ, ಝೈನಬಕ್ಕನಂಥವರಿಗೆ ಬ್ಯಾರಿ ಭಾಷೆಯಲ್ಲಿ. ಬೇರೆ ಕೋರ್ಟಿನಲ್ಲಿದ್ದ ವಕೀಲರೂ ಆ ಕೂಗು ಕೇಳಿಯೇ ಓಡಿಬರುವುದು. ಮೂರೂ ಮುಗಿಯುವ ತನಕ ಗೈರು ಎಂದು ಯಾವ ನ್ಯಾಯಾಧೀಶರೂ ಬರೆಸಿದ್ದಿಲ್ಲ.

ಹೇಮಾಕ್ಷಿ ಕೈ ತೊಳೆದು ನೇರ ಕಂಪ್ಯೂಟರ್ ಕೋಣೆಗೆ ನಡೆದಳು. ಹೊಸ ಸಿಸ್ಟಮ್ ಕೂರಿಸಲು ಬಂದಿದ್ದ ಕಂಪೆನಿಯ ಹುಡುಗ ರೂಪೇಶ ಅಲ್ಲಿದ್ದ. ಸಿಸ್ಟಮ್‌ಗೆ ಏನೇನು ಬೇಕು ಎಂಬ ಪಟ್ಟಿಯ ಕೊನೆಯ ಪುಟ ಅವಳ ಸಹಿಗಾಗಿ ಮೇಜಿನ ಮೇಲೆ ಕಾದಿತ್ತು.

"ಇದರಲ್ಲಿ ಕೂಗುವುದು ಎಲ್ಲಿ ಉಂಟು?"

"ಇಲ್ಲ ಮೇಡಂ. ನೀವು ಹೇಳಿದ್ದೇ ನೂರ ನಲವತ್ತಾರು ಅಂಶ. ಎಲ್ಲ ಹಾಕಿದ್ದೇನೆ. ನಂಬರ್ ಬಂದು ಮೂರು ನಿಮಿಷದಲ್ಲಿ ಯಾರೂ ಬಾರದಿದ್ರೆ ಗೈರು ಅಂತ ತಾನೇ ಬೀಳ್ತದೆ."

ಅವನು ಹೇಳಿದ್ದು ಸುಳ್ಳಲ್ಲ. ಮೂರು ದಿನ ಕೂತು ಬರೆಸಿದವಳು ಅವಳೇ. ಒಂದೊಂದೇ ರಿಜಿಸ್ಟರು ತೆಗೆದು, ಮೊಹರಿನಿಂದ ಕಪಾಟಿನ ಕೀಲಿಯ ತನಕ ಹೇಳಿದ್ದಳು. ಕೂಗುವುದಕ್ಕೆ ರಿಜಿಸ್ಟರೇ ಇರಲಿಲ್ಲ, ಹಾಗಾಗಿ ನೆನಪಾಗಲೂ ಇಲ್ಲ. ಅದು ಹೊಳೆದದ್ದೇ ಅವಳ ಸಿಟ್ಟು ಎರಡು ಪಾಲಾಯಿತು, ಒಂದು ಪಾಲು ತನ್ನ ಮೇಲೆಯೇ.

"ಮೂರು ನಿಮಿಷ ಅಂತ ನಿನಗೆ ಹೇಳಿದ್ದು ಯಾರು ಮಾರಾಯ? ಮಂಡಿನೋವಿನವರು ಆ ಮೆಟ್ಟಿಲು ಹತ್ತುವುದನ್ನು ಒಂದು ದಿನ ನಿಂತು ನೋಡಿದ್ದೀಯಾ?"

"ಪರದೆಯ ಎದುರೇ ಬೆಂಚು ಉಂಟಲ್ಲ ಮೇಡಂ. ಅಲ್ಲೇ ಕೂತಿದ್ರೆ..."

"ಬಾ. ಅವರ ಮುಖ ನೋಡಿ ಹೇಳು."

ಮೆಟ್ಟಿಲ ಬಳಿ ಹೇಮಾಕ್ಷಿಯೇ ಬಗ್ಗಿ, ಆದದ್ದನ್ನು ಮೆಲ್ಲಗೆ ಹೇಳಿದಳು. ಝೈನಬಕ್ಕ ಕಾಗದದ ಚೀಲವನ್ನು ಎದೆಗೆ ಒತ್ತಿಕೊಂಡರು.

"ಬೆಂಚಿನಲ್ಲೇ ಕೂತಿದ್ದೆ. ಮಗು ಎತ್ತಿಕೊಂಡು ಒಬ್ಬಳು ಹುಡುಗಿ ನಿಂತಿದ್ದಳು, ಸೆಕೆಗೆ ಮಗು ಒಂದೇ ಸಮ ಅಳುತ್ತಿತ್ತು. ಫ್ಯಾನಿನ ಗಾಳಿ ಸಿಗಲಿ ಅಂತ ಜಾಗ ಬಿಟ್ಟುಕೊಟ್ಟೆ. ಹೇಗೂ ಬೂಬಣ್ಣ ಕರೀತಾರಲ್ಲ?"

ಹೇಮಾಕ್ಷಿ ರೂಪೇಶನ ಕಡೆ ತಿರುಗಿದಳು.

"ಈಗ ಸರಿ ಮಾಡು," ಎಂದಳು.

"ಆಗುವುದಿಲ್ಲ ಮೇಡಂ. ಒಮ್ಮೆ ವಿಲೇವಾರಿ ಅಂತ ಬಿದ್ರೆ ಹಿಂದೆ ತರುವ ಬಟನ್ ಇಲ್ಲ. ಅದನ್ನೂ ಯಾರೂ ಕೇಳಿರಲಿಲ್ಲ."

"ಮನುಷ್ಯರು ತಪ್ಪು ಮಾಡ್ತಾರೆ ಅಂತಲೂ ನಾನೇ ಬರೆಸಬೇಕಿತ್ತಾ?" ಅವಳ ಸ್ವರಕ್ಕೆ ಕಾರಿಡಾರಿನ ವಕೀಲರೆಲ್ಲ ತಿರುಗಿದರು. ಅವಳ ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಆ ಸ್ವರವನ್ನು ಯಾರೂ ಕೇಳಿರಲಿಲ್ಲ.

ಮಧ್ಯಾಹ್ನ ಕೋರ್ಟು ಕೂತೊಡನೆ ಝೈನಬಕ್ಕನ ವಕೀಲ ನೂರ್ ಮುಹಮ್ಮದ್ ಎದ್ದು, ಬೆಳಿಗ್ಗೆ ಮೇಲಿನ ಮಹಡಿಯ ಕೋರ್ಟಿನಲ್ಲಿದ್ದೆ, ಕೂಗು ಕೇಳಲಿಲ್ಲ ಎಂದು ಬಿನ್ನವಿಸಿಕೊಂಡರು.

"ಪರದೆಯಲ್ಲಿ ಗೈರು ಅಂತ ಇತ್ತಲ್ಲ?" ನ್ಯಾಯಾಧೀಶರು ಹೇಮಾಕ್ಷಿಯ ಕಡೆ ನೋಡಿದರು.

"ಅವರನ್ನು ಕರೆಯಲೇ ಇಲ್ಲ ಸರ್. ಕರೆಯದೆ ಗೈರು ಮಾಡಿದ್ದು. ಕರೆಯಬೇಕು ಅಂತ ಪಟ್ಟಿಯಲ್ಲಿ ಬರೆಸದ ತಪ್ಪು ನನ್ನದು."

ಅವರು ಕನ್ನಡಕ ತೆಗೆದು ಫೈಲನ್ನು ಮತ್ತೆ ಎದುರಿಗೆ ಎಳೆದುಕೊಂಡರು. "ಆದೇಶಕ್ಕೆ ನಾನಿನ್ನೂ ಸಹಿ ಹಾಕಿಲ್ಲ. ಕರೆಸಿ."

ಝೈನಬಕ್ಕ ಅಷ್ಟರಲ್ಲೇ ಬಾಗಿಲ ದಾರಂದ ಹಿಡಿದು ನಿಂತಿದ್ದರು. ಆದರೂ ಬೂಬಣ್ಣ ಅವರ ಪಕ್ಕದಲ್ಲೇ, ಬಾಗಿಲಲ್ಲಿ ನಿಂತು ಕೂಗಿದ. ಮೆಟ್ಟಿಲ ತುದಿಯಲ್ಲಿ ಕೂಗಿದ. ಮೂರನೆಯದನ್ನು ಕ್ಯಾಂಟೀನಿನ ಕಡೆಗೆ ಎಷ್ಟು ಜೋರಾಗಿ ಹಾಕಿದನೆಂದರೆ ಯಾರದೋ ಕೈಯ ಚಹಾ ಚೆಲ್ಲಿತು. ವಕೀಲರು ನಕ್ಕರು. ಬೂಬಣ್ಣ ನಗಲಿಲ್ಲ.

ಒಳಗೆ ಝೈನಬಕ್ಕ ಪ್ರಮಾಣ ಮಾಡಿ ಹೇಳತೊಡಗಿದಾಗ ಹೊರಗಿನ ಪರದೆಯಲ್ಲಿ ಅವರ ನಂಬರಿನ ಎದುರು 'ವಿಲೇವಾರಿ' ಎಂದೇ ಇತ್ತು. ಅದರ ಕೆಳಗೆ ರೂಪೇಶ ಪಟ್ಟಿ ಹಿಡಿದು ನಿಂತಿದ್ದ. ಸಾಕ್ಷಿಕಟ್ಟೆಯಲ್ಲಿದ್ದ ಝೈನಬಕ್ಕನಿಗೆ ಒಂದು ಲೋಟ ನೀರು ಮುಟ್ಟಿಸಿ ಬಂದವನು ಅವನೇ ಎಂಬುದನ್ನು ಹೇಮಾಕ್ಷಿ ಗಮನಿಸಿದ್ದಳು. ಸಿಟ್ಟು ಮಾತ್ರ ಇಳಿದಿರಲಿಲ್ಲ.

"ಸಹಿ ಇಲ್ಲ," ಎಂದಳು ಹೊರಗೆ ಬಂದವಳೇ.

"ಸಹಿಗೆ ಬಂದದ್ದಲ್ಲ ಮೇಡಂ. ನೂರ ನಲವತ್ತೇಳು ಬರೀತೇನೆ. ಹೇಳಿ, ಮೊದಲ ಕೂಗು ಎಲ್ಲಿ?"

"ಬೂಬಣ್ಣನನ್ನು ಕೇಳು. ನಾನು ಹೇಳಿಯೇ ಇಷ್ಟೆಲ್ಲ ಆದದ್ದು."