ಜಾಲರಿ ಮೇಜು

ಎರಡನೆಯ ಮಹಡಿಯ ತಿರುವಿನಲ್ಲಿ ಪೆಟ್ಟಿಗೆ ಸಿಕ್ಕಿಹಾಕಿಕೊಂಡಿತು. ಅದರ ಮುಂದಿನ ತುದಿ ಗೋಡೆಗೆ ತಾಗಿ ಸುಣ್ಣ ಉದುರಿಸುತ್ತಿತ್ತು, ಹಿಂದಿನ ತುದಿ ಮೆಟ್ಟಿಲ ಕಂಬಿಗೆ ಒತ್ತಿಕೊಂಡಿತ್ತು.

"ಇನ್ನೂ ಎತ್ತಿ, ಇನ್ನೂ ಸ್ವಲ್ಪ," ಎಂದು ಚಿಕ್ಕಪ್ಪ ಮೇಲಿನಿಂದ ಹೇಳುತ್ತಿದ್ದರು. ಎತ್ತುವವರ ಗುಂಪಿನಲ್ಲಿ ಅವರಿರಲಿಲ್ಲ.

"ಎಡಕ್ಕೆ ತಿರುಗಿಸಿ. ನಾನು ಹೇಳಿದಷ್ಟು ಮಾಡಿ, ಸಾಕು," ಎಂದ ಮಗ. ತಲೆಯ ಕಡೆ ಹಿಡಿದಿದ್ದವನು ಅವನೇ. ಎಡಕ್ಕೆ ತಿರುಗಿಸಿದರು. ಮತ್ತಷ್ಟು ಸುಣ್ಣ ಉದುರಿತು.

ಬೆಳಿಗ್ಗೆ ತರುವಾಗ ಪೆಟ್ಟಿಗೆ ಖಾಲಿ ಇತ್ತು, ನೆಟ್ಟಗೆ ನಿಲ್ಲಿಸಿ ತಂದಿದ್ದರು. ಈಗ ಒಳಗೆ ಅಪ್ಪ ಮಲಗಿದ್ದರು. ಅವರನ್ನು ನಿಲ್ಲಿಸುವ ಮಾತನ್ನು ಯಾರೂ ಎತ್ತಲಿಲ್ಲ.

"ಒಂದು ಗಳಿಗೆ ಕೆಳಗಿಡಿ," ಎಂದಿತು ಹಿಂದಿನಿಂದ ಒಂದು ಹೆಣ್ಣು ದನಿ. "ಕೈ ಸೋತಾಗ ತಲೆ ಓಡಲ್ಲ."

ಅವಳು ಕುಳ್ಳಕ್ಕ. ಅಪ್ಪ ಇಪ್ಪತ್ತೆಂಟು ವರ್ಷ ಮೇಸ್ತ್ರಿಯಾಗಿದ್ದ ಆಸ್ಪತ್ರೆ ಲಾಂಡ್ರಿಯಲ್ಲಿ ಮೈಲಿಗೆ ಬಟ್ಟೆ ವಿಂಗಡಿಸುವವಳು. ಲಾಂಡ್ರಿಯಿಂದ ಹದಿನೆಂಟು ಜನ ಬಂದಿದ್ದರು, ಒಬ್ಬೊಬ್ಬರು ಒಂದೊಂದು ಮೆಟ್ಟಿಲ ಮೇಲೆ ನಿಂತಿದ್ದರು. ಪೆಟ್ಟಿಗೆ ಕೆಳಗಿಟ್ಟಿದ್ದೇ ತಡ, ಅವರೊಳಗೆ ಮಾತು ಶುರುವಾಯಿತು.

"ತಿರುಗಿಸೋದೇ ಯಾಕೆ?" ಎಂದ ಬಾಯ್ಲರ್‌ನವನು. "ಈ ಕಂಬಿ ಬಿಚ್ಚಿದ್ರೆ ಸೀದಾ ಕೆಳಗಿನ ಮೆಟ್ಟಿಲಿಗೇ ಇಳಿಸಬಹುದು. ನಾಲ್ಕೇ ಬೋಲ್ಟು."

"ಇಳಿಸುವಾಗ ಭಾರವೆಲ್ಲ ಕೆಳಗಿನವರ ಮೇಲೆ ಬೀಳುತ್ತೆ."

"ಚಾದರ ಹೊಸೆದು ಎರಡೂ ಕಡೆ ತೊಟ್ಟಿಲ ಥರ ಕಟ್ಟಿ, ಮೇಲಿಂದ ಬಿಗಿ ಹಿಡಿದರೆ?"

"ಚಾದರ ತಡೆಯುತ್ತಾ?"

"ಮೊದಲು ನಾನು ಕೂತ್ಕೋತೀನಿ. ಚಾದರ ಹರಿದ್ರೂ ನಾನು ಹರಿಯಲ್ಲ," ಎಂದ ಟೈಲರ್. ಲಾಂಡ್ರಿಯಲ್ಲಿ ಹರಿದ ಬಟ್ಟೆಗೆ ತೇಪೆ ಹಾಕುವವನು, ಮಾತು ಕಡಿಮೆಯ ಮನುಷ್ಯ.

"ಸಾವಿನ ಮನೇಲಿ ಇದೆಂಥ ಸಭೆ ಇವರದ್ದು," ಎಂದು ಚಿಕ್ಕಪ್ಪ ಗೊಣಗಿದರು.

ಕುಳ್ಳಕ್ಕ ಮಗನ ಕಡೆ ತಿರುಗಿದಳು. "ಏನಂತೀರಿ?"

ಅವನು ಪೆಟ್ಟಿಗೆಯ ಬಳಿಯಿಂದ ಸರಿದು ದಾರಿ ಬಿಟ್ಟ. ಬಾಯ್ಲರ್‌ನವನ ಜೇಬಿನಲ್ಲಿ ಸಾವಿನ ಮನೆಗೆ ಬರುವಾಗಲೂ ಸ್ಪ್ಯಾನರ್ ಇತ್ತು. ಕಂಬಿ ಬಿಚ್ಚಿದರು. ಮನೆಯೊಳಗಿನಿಂದ ಎರಡು ಚಾದರ ತಂದು ಹೊಸೆದರು. ಟೈಲರ್ ಅದರಲ್ಲಿ ಕೂತು, ಕಾಲು ಇಳಿಬಿಟ್ಟು, ಗಂಭೀರ ಮುಖದಿಂದ ಒಮ್ಮೆ ಮೇಲಕ್ಕೂ ಒಮ್ಮೆ ಕೆಳಕ್ಕೂ ಹೋಗಿ ಬಂದ. ಬಾಗಿಲಲ್ಲಿ ನಿಂತಿದ್ದ ಅಮ್ಮ ಬೆಳಗಿನಿಂದ ಮೊದಲ ಬಾರಿಗೆ ತಲೆ ಎತ್ತಿ ನೋಡಿದರು. ಆಮೇಲೆ ಅಪ್ಪ ಇಳಿದರು, ಒಂದಿಷ್ಟೂ ಅಲುಗದೆ. ಹೊರಡುವ ಮೊದಲು ಬಾಯ್ಲರ್‌ನವನು ಕಂಬಿಯನ್ನು ಮತ್ತೆ ಕೂರಿಸಿ, ಅಲುಗಾಡಿಸಿ ನೋಡಿದ.

ಮಗ ಗಡಿಯಾರ ನೋಡಿದ. ಹತ್ತೊಂಬತ್ತು ನಿಮಿಷ. ಅವನು ಔಷಧದ ಬಾಟಲಿ ತುಂಬುವ ಕಾರ್ಖಾನೆಯೊಂದರಲ್ಲಿ ಮ್ಯಾನೇಜರ್. ಅಲ್ಲಾಗಿದ್ದರೆ ಅವನು ಎಡಕ್ಕೆ ಎನ್ನುತ್ತಿದ್ದ, ಅವನ ಜನ ಸಂಜೆಯವರೆಗೂ ಎಡಕ್ಕೇ ತಿರುಗಿಸುತ್ತಿದ್ದರು.

*

ಲಾಂಡ್ರಿಯ ಮ್ಯಾನೇಜರ್ ಕೆಲಸ ಅಪ್ಪನಿಗೇ ಎಂದು ಮನೆಮಂದಿಯೆಲ್ಲ ನಂಬಿದ್ದ ವರ್ಷ ಮಗನಿಗೆ ಹತ್ತೊಂಬತ್ತು. ಅಮ್ಮ ಅಕ್ಕಪಕ್ಕದವರಿಗೂ ಹೇಳಿಯಾಗಿತ್ತು. ಒಂದು ಸಂಜೆ ಅಪ್ಪ ಎಂದಿನ ಹೊತ್ತಿಗೇ ಬಂದು, ಎಂದಿನಂತೆ ಚಪ್ಪಲಿ ಗೋಡೆಗೆ ಸೇರಿಸಿಟ್ಟು, ಕೈ ತೊಳೆಯುತ್ತ ಹೇಳಿದರು:

"ಕೆಲಸ ಬೇರೆಯವರಿಗಾಯ್ತು."

"ಯಾಕೆ?"

"ಒಂದು ಪ್ರಯೋಗ ಮಾಡೋಕೆ ಹೋದೆ. ನೂರಕ್ಕೂ ಹೆಚ್ಚು ಚಾದರ ಹರಿದುಹೋದವು. ಮೇಲಿನವರಿಗೆ ಸಿಟ್ಟು ಬಂತು. ಬರಬೇಕಾದ್ದೇ."

ಅಮ್ಮ ಕೈಯಲ್ಲಿದ್ದ ಪಾತ್ರೆಯನ್ನು ಕುಕ್ಕಿದರು. "ಇದ್ದದ್ದು ಇದ್ದ ಹಾಗೆ ಮಾಡಿಕೊಂಡು ಹೋಗೋದಕ್ಕೆ ಏನಾಗಿತ್ತು? ನಿಮಗೆ ಬುದ್ಧಿ ಬೇಡ್ವಾ?"

"ನನಗೆಲ್ಲಿದೆ ಬುದ್ಧಿ?" ಎಂದರು ಅಪ್ಪ. ತಮಾಷೆಗಲ್ಲ, ಲೆಕ್ಕ ಒಪ್ಪಿಸುವವರ ಹಾಗೆ. "ಸ್ವಂತದ್ದು ಅಂತ ಒಂದು ಯೋಚನೆ ನನಗೆ ಈವರೆಗೆ ಬಂದಿಲ್ಲ."

ಮಗ ಅದನ್ನು ಮರೆಯಲಿಲ್ಲ. ತಾನು ಹಾಗಾಗಬಾರದೆಂದು ಅವತ್ತೇ ತೀರ್ಮಾನಿಸಿದ. ಮೂವತ್ತಮೂರಕ್ಕೆ ಮ್ಯಾನೇಜರ್ ಆದ. ಅವನ ಕಾರ್ಖಾನೆಯಲ್ಲಿ ಪ್ರತಿಯೊಂದು ಕೆಲಸಕ್ಕೂ ಅವನೇ ಬರೆದಿಟ್ಟ ಕ್ರಮವಿತ್ತು. ತಿಂಗಳ ಸಭೆಯ ಕೊನೆಗೆ "ಯಾರಿಗಾದರೂ ಏನಾದರೂ ಹೇಳೋದಿದೆಯಾ?" ಎಂದು ಕೇಳುತ್ತಿದ್ದ. ಎಲ್ಲರೂ ತಮ್ಮ ತಮ್ಮ ಶೂ ನೋಡಿಕೊಳ್ಳುತ್ತಿದ್ದರು. ಎಲ್ಲ ಸರಿಯಾಗಿ ನಡೆಯುತ್ತಿದೆ ಎಂಬುದಕ್ಕೆ ಅದೇ ಗುರುತು ಎಂದು ಅವನು ತಿಳಿದಿದ್ದ.

*

ಅಮ್ಮ ಚಿಕ್ಕಪ್ಪನ ಜೊತೆ ಮುಂದಿನ ಗಾಡಿಯಲ್ಲಿ ಕೂತರು. ಮಗನ ಕಾರಿನಲ್ಲಿ ಕುಳ್ಳಕ್ಕ, ಬಾಯ್ಲರ್‌ನವನು, ಟೈಲರ್. ಕಾರು ಎರಡು ಸಿಗ್ನಲ್ ದಾಟಿತು.

"ನಿಮಗೊಂದು ಹೇಳಬೇಕು," ಎಂದಳು ಕುಳ್ಳಕ್ಕ. ಅವಳ ಕಾಲು ಕಾರಿನ ನೆಲಕ್ಕೆ ಸರಿಯಾಗಿ ಎಟುಕುತ್ತಿರಲಿಲ್ಲ. "ನಿಮ್ಮಮ್ಮನಿಗೆ ಹೇಳಬೇಕಾದ್ದು. ಹದಿನೇಳು ವರ್ಷದಿಂದ ಗಂಟಲಲ್ಲೇ ಇದೆ. ಆ ಚಾದರ ಹರಿದವಳು ನಾನು."

ಮಗ ಕನ್ನಡಿಯಲ್ಲಿ ಅವಳ ಮುಖ ನೋಡಿದ.

"ಯಾವ ಚಾದರ ಅಂತ ಗೊತ್ತಾಯ್ತಲ್ಲ," ಎಂದ ಬಾಯ್ಲರ್‌ನವನು, ಕಿಟಕಿಯ ಆಚೆ ನೋಡುತ್ತ. "ತಂತಿ ಕತ್ತರಿಸಿದವನು ನಾನು. ಅರ್ಧ ನನ್ನ ಪಾಲಿಗೂ ಬರೀಲಿ."

ಆಮೇಲೆ ಅವಳು ಹೇಳಿದಳು. ಊರಾಚೆಯ ಸ್ಮಶಾನಕ್ಕೆ ದೂರವಿತ್ತು.

*

ಲಾಂಡ್ರಿಗೆ ಸೇರಿದಾಗ ಕುಳ್ಳಕ್ಕ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಹಿಂದೆ ಕೆಲಸ ಮಾಡಿದ ಕಡೆ ಬಾಯಿ ಬಿಟ್ಟವರಿಗೆ ಏನಾಗುತ್ತದೆಂದು ಕಂಡು ಬಂದವಳು. ಇಲ್ಲಿ ದಿನದ ಕೊನೆಯ ಹತ್ತು ನಿಮಿಷ ಯಂತ್ರಗಳನ್ನು ನಿಲ್ಲಿಸುತ್ತಿದ್ದರು. ಮೇಸ್ತ್ರಿ ಒಂದು ಬಟ್ಟೆ ಗಂಟಿನ ಮೇಲೆ ಕೂತು, ಒಬ್ಬೊಬ್ಬರನ್ನೂ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಇವತ್ತು ಯಾವುದು ಕಿರಿಕಿರಿ ಆಯ್ತು?"

ಮೂರು ತಿಂಗಳು ಅವಳು "ಏನೂ ಇಲ್ಲ" ಎಂದಳು. ಅವರು ತಲೆಯಾಡಿಸಿ ಮುಂದಿನವರನ್ನು ಕೇಳುತ್ತಿದ್ದರು. ಮರುದಿನ ಮತ್ತೆ ಅವಳನ್ನೂ ಕೇಳುತ್ತಿದ್ದರು. ಒಂದು ಸಂಜೆ ಅವಳಿಗೆ ರೇಗಿ, ಬಲಗೈಯನ್ನು ಅವರ ಮುಂದೆ ಚಾಚಿದಳು. ಬೆರಳುಗಳ ತುಂಬ ಚುಕ್ಕಿ.

"ಸೂಜಿ. ಆಪರೇಷನ್ ಕೋಣೆಯಿಂದ ಬರೋ ಬಟ್ಟೇಲಿ ಬಿಟ್ಟಿರ್ತಾರೆ. ದಿನಾ ಚುಚ್ಚುತ್ತೆ. ಕೈಗವಸು ಹಾಕಿದ್ರೂ ಚುಚ್ಚುತ್ತೆ."

"ಏನು ಮಾಡಬಹುದು?"

"ನನ್ನನ್ನೇನು ಕೇಳ್ತೀರಿ? ಮೇಸ್ತ್ರಿ ನೀವು."

"ಚುಚ್ಚೋದು ನಿಮ್ಮ ಕೈಗೆ. ನನ್ನ ಕೈಗೆ ಏನು ಗೊತ್ತು?"

ಉತ್ತರ ಹೊಳೆಯಲು ಎಂಟು ದಿನ ಬೇಕಾಯಿತು. ಮನೆಯಲ್ಲಿ ಹಿಟ್ಟು ಜರಡಿ ಹಿಡಿಯುತ್ತಿದ್ದಾಗ ಹೊಳೆಯಿತು. ಹಲಗೆಯ ಮೇಜಿನ ಬದಲು ತಂತಿಯ ಜಾಲರಿ, ಕೆಳಗೊಂದು ತಟ್ಟೆ. ಬಟ್ಟೆಯನ್ನು ಅದರ ಮೇಲೆ ಕೊಡವಿದರೆ ಸೂಜಿ ಕೆಳಗೆ ಬೀಳುತ್ತದೆ, ಕೈ ಹಾಕುವುದೇ ಬೇಡ. ಮೇಸ್ತ್ರಿ ಭೇಷ್ ಎನ್ನಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಬಾಯ್ಲರ್‌ನವನನ್ನು ಕರೆದು, "ಇವರು ಹೇಳಿದ್ದನ್ನ ಮಾಡಿ ನೋಡೋಣ," ಎಂದರು.

ಮೊದಲ ದಿನವೇ ಜಾಲರಿಯ ಅಂಚಿನಲ್ಲಿ ನಿಂತಿದ್ದ ತಂತಿಯ ಮೊನೆಗಳು ಚಾದರಗಳನ್ನು ಸೀಳಿದವು. ಬಟ್ಟೆ ಒದ್ದೆಯಾಗಿದ್ದರಿಂದ ಸೀಳು ಕಾಣಲಿಲ್ಲ. ಒಗೆದು ಒಣಗಿಸಿದ ಮೇಲೆ ಎಣಿಸಿದರೆ ನೂರ ನಲವತ್ತು.

ಆಸ್ಪತ್ರೆಯ ಆಡಳಿತಾಧಿಕಾರಿ ಸ್ವತಃ ಬಂದರು. "ಇದು ಯಾರ ತಲೆ?"

ಕುಳ್ಳಕ್ಕ ಬಟ್ಟೆ ಗಂಟಿನ ಹಿಂದೆ ನಿಂತಿದ್ದಳು. ಕುಳ್ಳಾಗಿ ಹುಟ್ಟಿದ್ದಕ್ಕೆ ಅವತ್ತೊಂದೇ ದಿನ ಅವಳಿಗೆ ಸಮಾಧಾನವಾಗಿದ್ದು.

"ನನ್ನದು," ಎಂದರು ಮೇಸ್ತ್ರಿ.

"ಯಾರನ್ನು ಕೇಳಿ ಮಾಡಿದಿರಿ?"

"ಕೇಳಬೇಕಾದವರನ್ನ ಕೇಳಿಯೇ ಮಾಡಿದ್ದು."

ಮರುದಿನ ಅವಳು ಕೆಲಸ ಬಿಡುತ್ತೇನೆ ಎನ್ನಲು ಬಂದಳು. ಮೇಸ್ತ್ರಿ ಜಾಲರಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಅಂಚಿನ ಮೇಲೆ ಬೆರಳಾಡಿಸುತ್ತಿದ್ದರು. "ಮೊನೆ ಹೊರಗಿದೆ ನೋಡಿ. ನಿನ್ನೆ ಗೊತ್ತಾಗಿದ್ದು ಇಷ್ಟೇ ತಾನೇ? ಇದನ್ನ ಏನು ಮಾಡೋಣ?"

ಅಂಚನ್ನು ಒಳಕ್ಕೆ ಮಡಚಿ, ಮೇಲೆ ಮರದ ಚೌಕಟ್ಟು ಕೂರಿಸಿದರು. ಮೊದಲ ವಾರ ತಟ್ಟೆಯಲ್ಲಿ ಸಿಕ್ಕಿದ್ದು ನಲವತ್ತೊಂದು ಸೂಜಿ, ಒಂದು ಮದುವೆ ಉಂಗುರ; ಜಾಲರಿಯ ಮೇಲೆ ಉಳಿದದ್ದು ಎರಡು ಕತ್ತರಿ, ಯಾರದೋ ಒಂದು ಸೆಟ್ಟು ಕಟ್ಟಿಸಿದ ಹಲ್ಲು.

*

"ಹಲ್ಲಿನ ಯಜಮಾನರು ಬಂದು ತಗೊಂಡು ಹೋದ್ರು," ಎಂದಳು ಕುಳ್ಳಕ್ಕ ಕಾರಿನಲ್ಲಿ. "ಆದ್ರೆ ಮೇಸ್ತ್ರಿಗೆ ಮ್ಯಾನೇಜರ್ ಕೆಲಸ ಕೈತಪ್ಪಿಹೋಯ್ತು."

"ಅವರೇನೂ ದೇವರಲ್ಲ ಬಿಡಿ," ಎಂದ ಟೈಲರ್. "ನಾನು ಒಂದು ಸಲ ತೇಪೆಗೆ ಬಣ್ಣದ ಬಟ್ಟೆ ಹಾಕೋಣ ಅಂದೆ. ಎಷ್ಟು ಸಲ ಹರಿದಿದ್ದು ಅಂತ ಬಣ್ಣ ನೋಡಿದ್ರೇ ಗೊತ್ತಾಗ್ಲಿ ಅಂತ. ಅವರು ನಕ್ಕುಬಿಟ್ರು. ಎರಡು ವರ್ಷ ನಾನು ಬಾಯಿ ಬಿಡಲಿಲ್ಲ."

"ಆಮೇಲೆ?"

"ಎರಡು ವರ್ಷ ಬಿಟ್ಟು, ನಕ್ಕಿದ್ದು ತಪ್ಪಾಯ್ತು ಅಂತ ಎಲ್ಲರ ಎದುರೇ ಹೇಳಿದ್ರು. ಈಗ ಬಣ್ಣದ ತೇಪೆಯೇ ಹಾಕ್ತಿರೋದು. ಆದ್ರೆ ಎರಡು ವರ್ಷ ಹೋಯ್ತಲ್ಲ."

ಮಗ ಗೇರು ಬದಲಿಸಿದ. ಅವನ ಕಾರ್ಖಾನೆಯಲ್ಲಿ ಎಂಬತ್ತಾರು ಜನರಿದ್ದರು. ಅವರಲ್ಲಿ ಯಾರಾದರೂ ತನಗೆ ಏನಾದರೂ ಹೇಳಿದ್ದು ನೆನಪಾಗುತ್ತದೆಯೇ ಎಂದು ನೋಡಿದ. ರಜೆ ಕೇಳಿದ್ದು ಬಿಟ್ಟರೆ ಒಂದೂ ನೆನಪಾಗಲಿಲ್ಲ.

*

ಮಣ್ಣು ಹಾಕುವ ಮೊದಲು ಚಿಕ್ಕಪ್ಪ ನಾಲ್ಕು ಮಾತಾಡಿದರು. "ನನ್ನಣ್ಣ ಸಾಧು ಮನುಷ್ಯ. ಯಾರ ತಂಟೆಗೂ ಹೋದವನಲ್ಲ. ಹೆಚ್ಚಿನದೇನನ್ನೂ ಸಾಧಿಸಲಿಲ್ಲ, ಆದರೆ ಯಾರಿಗೂ ಕೆಟ್ಟದ್ದು ಬಯಸಲಿಲ್ಲ."

ಲಾಂಡ್ರಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಮಗನ ಕೈಯಲ್ಲಿದ್ದ ಹೆಂಟೆ ಒಡೆಯದೆ ಹಾಗೇ ಬಿದ್ದು, ಹಲಗೆಯ ಮೇಲೆ ದೊಡ್ಡ ಸದ್ದಾಯಿತು.

ಜನ ಚದುರತೊಡಗಿದಾಗ ಕುಳ್ಳಕ್ಕ ಅಮ್ಮನ ಮುಂದೆ ಹೋಗಿ ನಿಂತಳು. ಮಗ ನಾಲ್ಕು ಹೆಜ್ಜೆ ಹಿಂದೆ ನಿಂತ. ಅವಳು ಸುತ್ತಿಬಳಸಲಿಲ್ಲ. ಜಾಲರಿ, ನೂರ ನಲವತ್ತು ಚಾದರ, ತಾನು ಬಟ್ಟೆ ಗಂಟಿನ ಹಿಂದೆ ನಿಂತದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಅಮ್ಮ ಅವಳ ಕೈಯನ್ನೇ ನೋಡಿದರು. "ಅದು ಅವರ ತಲೆಯಿಂದ ಬಂದದ್ದಲ್ಲ ಅಂತ ನನಗೆ ಆಗಲೇ ಅನುಮಾನ ಇತ್ತು," ಎಂದರು. "ಅವರ ತಲೆಗೆ ಜಾಲರಿ ಎಲ್ಲಿಂದ ಹೊಳೀಬೇಕು? ಮನೇಲಿ ಒಂದು ಮೊಳೆ ಹೊಡೆಯೋದಕ್ಕೂ ನನ್ನನ್ನೇ ಕೇಳ್ತಿದ್ರು, ಎಲ್ಲಿ ಹೊಡೆಯಲಿ ಅಂತ."

"ನಾನು ಆಗಲೇ ಹೇಳಬೇಕಿತ್ತಮ್ಮ."

"ಎರಡು ವರ್ಷ ಬೈದಿದ್ದೀನಿ ಅವರನ್ನ. ಆ ಬೈಗುಳೆಲ್ಲ ನಿನಗೆ ಸೇರಬೇಕಾದ್ದು."

"ಈಗ ಬೈಯಿರಿ."

"ಈಗ ಶಕ್ತಿ ಇಲ್ಲ," ಎಂದು ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ಮುಂದಿನ ವಾರ ಬಾ. ನಿಧಾನವಾಗಿ ಬೈತೀನಿ."

*

ಮರುದಿನ ಆಸ್ಪತ್ರೆಯಲ್ಲಿ ಹನ್ನೊಂದು ಆಪರೇಷನ್‌ಗಳಿದ್ದವು. ಅದಕ್ಕೆ ಬಟ್ಟೆ ಇವತ್ತೇ ಸಂಜೆಯೊಳಗೆ ಹೋಗಲೇಬೇಕು. ಮಗ ಸ್ಮಶಾನದಿಂದ ಮೂವರನ್ನು ನೇರ ಲಾಂಡ್ರಿಗೆ ಬಿಡಲು ಹೋದವನು ಅಪ್ಪನ ಕಪಾಟಿನ ಸಾಮಾನು ತೆಗೆದುಕೊಳ್ಳಲೆಂದು ಒಳಗೆ ಬಂದ. ಕಪಾಟಿನಲ್ಲಿ ಇದ್ದದ್ದು ಒಂದು ಟವೆಲು, ಒಂದು ಜೊತೆ ಹಳೇ ಚಪ್ಪಲಿ, ನೆಗಡಿಯ ಮಾತ್ರೆ. ಎರಡು ನಿಮಿಷದಲ್ಲಿ ಚೀಲಕ್ಕೆ ತುಂಬಿಯಾಯಿತು. ಆದರೂ ಅವನು ಹೋಗಲಿಲ್ಲ.

ದೊಡ್ಡ ಇಸ್ತ್ರಿ ಯಂತ್ರದಿಂದ ಬಿಸಿ ಚಾದರಗಳು ಒಂದರ ಹಿಂದೊಂದು ಬರುತ್ತಿದ್ದವು. ವಿಂಗಡಿಸುವುದು ಮುಗಿದ ಮೇಲೆ ಕುಳ್ಳಕ್ಕನ ಜೊತೆ ಮಡಚುವವಳು ಅಮ್ಮನಿಗೆ ಜೊತೆಯಾಗಿ ಮನೆಗೆ ಹೋಗಿದ್ದಳು. ಕುಳ್ಳಕ್ಕ ಏನೂ ಕೇಳದೆ ಒಂದು ಚಾದರದ ಎರಡು ಮೂಲೆಗಳನ್ನು ಅವನ ಕೈಗೆ ಕೊಟ್ಟಳು. ಅವನು ಚೀಲ ಕೆಳಗಿಟ್ಟು ಹಿಡಿದುಕೊಂಡ. ಹತ್ತು ಹನ್ನೆರಡು ಚಾದರ ಮಡಚಿದ್ದರೇನೋ, ಅವನ ಫೋನ್ ಬಡಿದುಕೊಂಡಿತು. ಕಾರ್ಖಾನೆಯಿಂದ ಸೂಪರ್‌ವೈಸರ್.

"ಮನ್ನಿಸಿ ಸಾರ್, ಇವತ್ತು ಫೋನ್ ಮಾಡಬಾರದಿತ್ತು. ಮುಚ್ಚಳ ಬಿಗಿಯೋ ಮಷೀನು ಬಾಟ್ಲಿ ಒಡೀತಿದೆ. ನಿಲ್ಲಿಸೋದಾ, ಓಡಿಸೋದಾ? ನೀವು ಹೇಳಿದ ಹಾಗೆ ಮಾಡ್ತೀವಿ."

ನಿಲ್ಲಿಸಿ ಎಂಬ ಮಾತು ಅವನ ನಾಲಿಗೆಯ ತುದಿಯಲ್ಲಿತ್ತು.

"ದಿನಾ ಅದರ ಹತ್ತಿರ ನಿಲ್ಲೋರು ಯಾರು?"

"ಒಬ್ಬ ಹೆಂಗಸು ಸಾರ್. ಯಾಕೆ ಸಾರ್? ಅವಳದೇನೂ ತಪ್ಪಿಲ್ಲ."

"ಅವರಿಗೆ ಫೋನ್ ಕೊಡಿ."

ಯಂತ್ರಗಳ ಸದ್ದು, ನಡೆದುಹೋಗುವ ಹೆಜ್ಜೆ, ಏನೋ ಪಿಸುಮಾತು. ಆಮೇಲೆ ಒಂದು ಅಂಜಿದ ದನಿ: "ಸಾರ್?"

"ಬಾಟ್ಲಿ ಯಾಕೆ ಒಡೀತಿದೆ ಅಂತ ನಿಮಗೆ ಅನ್ಸುತ್ತೆ?"

"ನನಗೇನು ಗೊತ್ತು ಸಾರ್."

ಅವನು ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಒತ್ತಿ ಹಿಡಿದು, ಬೇರೇನೂ ಹೇಳದೆ ಹಾಗೇ ನಿಂತ. ಆ ಕಡೆಯಿಂದ ಉಸಿರು ಮಾತ್ರ ಕೇಳುತ್ತಿತ್ತು. ಅವನ ಎರಡು ಕೈಯಲ್ಲೂ ಬಿಸಿ ಚಾದರದ ಮೂಲೆಗಳಿದ್ದವು. ಎದುರು ತುದಿಯಲ್ಲಿ ಕುಳ್ಳಕ್ಕ ತನ್ನ ಎರಡು ಮೂಲೆಗಳನ್ನು ಹಿಡಿದು, ಎಳೆಯದೆ, ಕಾಯುತ್ತ ನಿಂತಿದ್ದಳು.